ಸಲೀಂ ಅಲಿಯವರೂ ಎರೆಭೂತವೂ

ಪಕ್ಷಿಶಾಸ್ತ್ರವೆಂದೊಡನೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವ ಹೆಸರು ಡಾ. ಸಲೀಂ ಅಲಿಯವರದು. ಅವರ ಜೀವನಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಅವರು ಗಳಿಸಿದ ಪ್ರಶಸ್ತಿಗಳಲ್ಲ, ಕೈಗೂಡದೆ ಹೋದ ಅವರ ಒಂದು ಸಲಹೆ.

ಅವರು 1896ನೆಯ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಬಾಲ್ಯದಲ್ಲಿ ಗಾಳಿಕೋವಿಯಿಂದ ಹೊಡೆದುರುಳಿಸಿದ ಗುಬ್ಬಿಯೊಂದರ ಕೊರಳಿನಲ್ಲಿ ಹಳದಿ ಮಚ್ಚೆಯನ್ನು ಕಂಡು, ಅದಾವ ಹಕ್ಕಿಯೆಂದು ತಿಳಿಯಲು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಕಾರ್ಯದರ್ಶಿ ಮಿಲರ್ಡ್ ಸಾಹೇಬರು ಅಲ್ಲಿನ ಪಕ್ಷಿಸಂಗ್ರಹವನ್ನು ತೆರೆದು ತೋರಿಸಿದರು. ಬೇಟೆಯ ಹುಡುಗ ಹಕ್ಕಿಗಳ ವಿದ್ಯಾರ್ಥಿಯಾದುದು ಹೀಗೆ. ಮುಂದೆ ಬರ್ಲಿನ್ ನಗರದಲ್ಲಿ ಸ್ಟ್ರೆಸೆಮನ್ನರ ಬಳಿ ಕಲಿತು ಬಂದು, ಹೈದರಾಬಾದು, ತಿರುವಾಂಕೂರು ಹಾಗೂ ನಮ್ಮ ಮೈಸೂರು ಸಂಸ್ಥಾನಗಳ ಪಕ್ಷಿಗಳ ಸಮೀಕ್ಷೆ ನಡೆಸಿದರು. 1941ರಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂದಿತು.

ರಾಷ್ಟ್ರಪಕ್ಷಿಯನ್ನು ಆರಿಸುವ ಮಾತು ಬಂದಾಗ ಅವರು ಎರೆಭೂತದ ಪರವಾಗಿ ನಿಂತರು. ಇದು ಸುಮಾರು ಒಂದು ಮೀಟರ್ ಎತ್ತರದ, ನೆಲದ ಮೇಲೆ ನಡೆದಾಡುವ ಹಕ್ಕಿ. ಗಂಡು 15 ಕಿಲೋಗ್ರಾಂವರೆಗೂ ತೂಗುವುದುಂಟು. ಹೆಣ್ಣು ಬರಿಯ ನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ನವಿಲಿನ ಅರ್ಹತೆಯನ್ನು ಯಾರು ಅಲ್ಲಗಳೆದಾರು? ಆದರೆ ನವಿಲು ಊರಿನ ಅಂಚಿನಲ್ಲಿಯೂ ಬಾಳಬಲ್ಲದು. ಎರೆಭೂತಕ್ಕೆ ವಿಶಾಲವಾದ ಹುಲ್ಲುಬಯಲೇ ಬೇಕು. ಆ ಬಯಲನ್ನು ನಾವು ಪಾಳುಭೂಮಿಯೆಂದು ಕರೆದು, ಕಾಲುವೆ ತಂದು ಉತ್ತೆವು. ಕೆಲವೆಡೆ ಮರಗಳನ್ನು ನೆಟ್ಟೆವು. ಬೇಟೆಗಾರರೂ ಬಿಡಲಿಲ್ಲ. ಈಗ ವಿದ್ಯುತ್ ತಂತಿಗಳು ಬಂದಿವೆ. ಈ ಹಕ್ಕಿಗೆ ನೇರ ಮುಂದಿನ ನೋಟ ಕಿರಿದು, ಮೈ ಭಾರ. ತಂತಿ ಕಂಡರೂ ಥಟ್ಟನೆ ತಿರುಗಲಾರದೆ ಬಡಿದು ಸಾಯುತ್ತದೆ.

ಸಲೀಂ ಅಲಿಯವರು 1987ರ ಜೂನ್ 20ರಂದು ಕಾಲವಾದರು. 2011ರಲ್ಲಿ ಎರೆಭೂತವು ಅಳಿವಿನ ತೀರ ಅಂಚಿಗೆ ಬಂದಿದೆಯೆಂದು ಸಾರಲಾಯಿತು. ಉಳಿದಿರುವ ಇನ್ನೂರಕ್ಕೂ ಕಡಿಮೆ ಹಕ್ಕಿಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರಿನ ಕಡೆ ಇವೆ. ನಮ್ಮ ನಾಡಿನಲ್ಲಿ ಸಿರುಗುಪ್ಪದ ಎರೆನೆಲ ಅವುಗಳ ಕೊನೆಯ ನೆಲೆ. ಅಲ್ಲಿಯೂ ಬೆರಳಲ್ಲಿ ಎಣಿಸುವಷ್ಟೇ. ಜೈಸಲ್ಮೇರಿನಲ್ಲಿ 2019ರಿಂದ ಮೊಟ್ಟೆಗಳನ್ನು ತಂದು ಮರಿಮಾಡಿಸಿ ಸಾಕುತ್ತಿರುವುದು ಸಂತೋಷದ ಸಂಗತಿ. ಆದರೆ ಬೆಳೆದ ಮರಿಗಳನ್ನು ಬಿಡುವುದೆಲ್ಲಿಗೆ? ಬಯಲು ಉಳಿದಿದ್ದರೆ ತಾನೆ! ಮರವಿಲ್ಲದ ನೆಲವೆಲ್ಲ ಪಾಳಲ್ಲವೆಂಬುದನ್ನು ನಾವು ಕಲಿತರೆ, ಆ ಮಹನೀಯರ ಸಲಹೆಗೆ ತಡವಾಗಿಯಾದರೂ ಬೆಲೆಕೊಟ್ಟಂತಾದೀತೆಂದು ನನ್ನ ನಂಬಿಕೆ.