ದಂಡಿನ ಮಧ್ಯಾಹ್ನಗಳಲ್ಲಿ ರೂಪುಗೊಂಡ ಚರ್ಚಿಲ್

ಬೆಂಗಳೂರಿನೊಂದಿಗೆ ವಿನ್‌ಸ್ಟನ್ ಚರ್ಚಿಲ್ ಹೆಸರು ಕೇಳಿಬಂದಾಗಲೆಲ್ಲ ಮೊದಲು ಪ್ರಸ್ತಾಪವಾಗುವುದು 13 ರೂಪಾಯಿಯ ಬಾಕಿ. ಬೆಂಗಳೂರು ಕ್ಲಬ್ಬಿನ ಹಳೆಯ ದಾಖಲೆ ಪುಸ್ತಕದಲ್ಲಿ 1899ರ ಜೂನ್ 1ರಂದು ವಸೂಲಾಗದ ಬಾಕಿದಾರರ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರೂ ಸೇರಿದೆ. ಈ ತಮಾಷೆಯ ಕಥೆಗೆ ಸಿಕ್ಕಿರುವ ಪ್ರಚಾರ, ಆತ ಇಲ್ಲಿಂದ ಕೊಂಡೊಯ್ದ ಬಹು ದೊಡ್ಡ ಗಳಿಕೆಗೆ ಸಿಕ್ಕಿಲ್ಲ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಯುವಕನೊಬ್ಬ ತನ್ನ ದಿನದ ಖಾಲಿ ಗಂಟೆಗಳನ್ನು ಗೊತ್ತುಗುರಿಯಿಟ್ಟು ಬಳಸಿಕೊಂಡು, ತನ್ನನ್ನು ತಾನೇ ವಿದ್ಯಾವಂತನನ್ನಾಗಿ ಮಾಡಿಕೊಂಡದ್ದು ಇದೇ ದಂಡು ಪ್ರದೇಶದಲ್ಲಿ.

ಹಿಂದುಳಿದ ವಿದ್ಯಾರ್ಥಿ

ಚರ್ಚಿಲ್ ಜನಿಸಿದ್ದು 1874ರ ನವೆಂಬರ್ 30ರಂದು, ಇಂಗ್ಲೆಂಡಿನ ಶ್ರೀಮಂತ ಮನೆತನದಲ್ಲಿ. ತಂದೆ ಲಾರ್ಡ್ ರಾಂಡೋಲ್ಫ್ ಚರ್ಚಿಲ್ 1885ರಲ್ಲಿ ಭಾರತ ವ್ಯವಹಾರಗಳ ಸಚಿವನಾಗಿ, ಮರುವರ್ಷ ಹಣಕಾಸು ಸಚಿವನಾಗಿ ಕಾರ್ಯನಿರ್ವಹಿಸಿದವನು. ತಾಯಿ ಜೆನ್ನಿ ಅಮೆರಿಕ ಮೂಲದವಳು. ಮಗ ಮಾತ್ರ ಶಾಲೆಯಲ್ಲಿ ಹಿಂದೆ. ಹ್ಯಾರೋ ಶಾಲೆಯಲ್ಲಿ ಲ್ಯಾಟಿನ್ ಆತನಿಗೆ ಒಲಿಯಲಿಲ್ಲ. ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಮೂರನೆಯ ಪ್ರಯತ್ನದಲ್ಲಿ. ಮಗನಿಂದ ಏನೂ ಆಗದೆಂದು ಬೇಸತ್ತಿದ್ದ ತಂದೆ 1895ರ ಜನವರಿಯಲ್ಲಿ ಕಣ್ಣು ಮುಚ್ಚಿದ. ಅದೇ ವರ್ಷ ಚರ್ಚಿಲ್ 4ನೇ ಹುಸಾರ್ಸ್ ಅಶ್ವದಳವನ್ನು ಸೇರಿದ.

ಈ ಅಶ್ವದಳ 1896ರ ಅಕ್ಟೋಬರ್‌ನಲ್ಲಿ ಮುಂಬಯಿಗೆ ಬಂದಿಳಿಯಿತು. ಸಾಸೂನ್ ಡಾಕ್‌ನಲ್ಲಿ ದೋಣಿಯಿಂದ ಮೆಟ್ಟಿಲಿಗೆ ಹತ್ತುವಾಗ ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದ ಚರ್ಚಿಲ್‌ನ ಬಲಭುಜ ಜಗ್ಗಿ ಪೆಟ್ಟಾಯಿತು. ಆ ನೋವು ಜೀವನಪರ್ಯಂತ ಉಳಿಯಿತು. ಪುಣೆಯ ಮಾರ್ಗವಾಗಿ ರೈಲಿನಲ್ಲಿ ಪಯಣಿಸಿ ದಳವು ಬೆಂಗಳೂರನ್ನು ತಲುಪಿತು.

ಎರಡು ಊರುಗಳ ಬೆಂಗಳೂರು

ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಪಶ್ಚಿಮಕ್ಕೆ ಮೈಸೂರು ಸಂಸ್ಥಾನದ ಪೇಟೆ. ಪೂರ್ವಕ್ಕೆ 1809ರಲ್ಲಿ ಹಲಸೂರಿನ ಬಳಿ ಆರಂಭವಾಗಿ ಬೆಳೆದ ಬ್ರಿಟಿಷರ ದಂಡು. ಪರೇಡ್ ಮೈದಾನ, ಬ್ಯಾರಕ್‌ಗಳು, ವಿಶಾಲವಾದ ಬಂಗಲೆಗಳು ಒಂದು ಕಡೆ. ಅವುಗಳ ಸೇವೆಗಾಗಿಯೇ ಬೆಳೆದ ಬ್ಲಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರದ ಇಕ್ಕಟ್ಟಾದ ಬೀದಿಗಳು ಇನ್ನೊಂದು ಕಡೆ. ಇಂದಿನ ಇಂದಿರಾನಗರವಾಗಲಿ ಬಡಾವಣೆಗಳ ಸಾಲಾಗಲಿ ಆಗಿರಲಿಲ್ಲ. ಹಲಸೂರು ಕೆರೆಯಾಚೆ ಹಳ್ಳಿಗಳು, ಹೊಲಗದ್ದೆಗಳು.

ಚರ್ಚಿಲ್ ತನ್ನಿಬ್ಬರು ಸಹೋದ್ಯೋಗಿಗಳಾದ ರೆಜಿನಾಲ್ಡ್ ಬಾರ್ನ್ಸ್ ಮತ್ತು ಹ್ಯೂಗೋ ಬೇರಿಂಗ್ ಜತೆಗೂಡಿ ಒಂದು ಬಂಗಲೆ ಹಿಡಿದ. ಗುಲಾಬಿ ಹಾಗೂ ಬಿಳಿ ಬಣ್ಣದ ಗಾರೆಯ ಗೋಡೆ, ಹೂಬಳ್ಳಿ ಹಬ್ಬಿದ ಜಗಲಿ, ಸುತ್ತಲೂ ತೋಟ. ಬಟ್ಲರ್, ಬಟ್ಟೆ ಸಿದ್ಧಪಡಿಸುವ ಆಳು, ಕುದುರೆಗೊಬ್ಬ ಸಾಯಿಸ್, ತೋಟದ ಮಾಲಿ ಹೀಗೆ ಪರಿವಾರ ದೊಡ್ಡದಿತ್ತು. ಗುಲಾಬಿ ಬೆಳೆಸುವುದು, ಚಿಟ್ಟೆ ಸಂಗ್ರಹಿಸುವುದು ಆತನ ಹವ್ಯಾಸಗಳಾದವು.

ದಿನಚರಿಯ ಸ್ವರೂಪವೂ ಸ್ಪಷ್ಟವಾಗಿತ್ತು. ನಸುಕಿನಲ್ಲೇ ಕ್ಷೌರಿಕ ಬಂದು, ಹಾಸಿಗೆಯಲ್ಲಿರುವಾಗಲೇ ಗಡ್ಡ ಹೆರೆಯುತ್ತಿದ್ದ. ಆರು ಗಂಟೆಗೆ ಒಂದೂವರೆ ತಾಸಿನ ಕವಾಯತು. ನಂತರ ಸ್ನಾನ, ಮೆಸ್ಸಿನಲ್ಲಿ ಉಪಾಹಾರ. ಕುದುರೆ ಲಾಯ ಹಾಗೂ ಕಚೇರಿ ಕೆಲಸ ಹತ್ತೂವರೆಗೆ ಮುಗಿಯುತ್ತಿತ್ತು. ಅಲ್ಲಿಂದ ಸಂಜೆ ಐದರ ಪೋಲೋ ಆಟದವರೆಗೆ, ಮಧ್ಯಾಹ್ನದ ಊಟವೊಂದನ್ನು ಬಿಟ್ಟರೆ, ಅಧಿಕಾರಿಗಳಿಗೆ ಮಾಡಲು ಕೆಲಸವೇ ಇರಲಿಲ್ಲ. ದಂಡಿನ ಬಹುಪಾಲು ಸಾಹೇಬರು ಕಿಟಕಿ ಬಾಗಿಲು ಮುಚ್ಚಿ ನಿದ್ರಿಸುತ್ತಿದ್ದ ಹೊತ್ತದು.

ಐವತ್ತು ಪುಟ, ಇಪ್ಪತ್ತೈದು ಪುಟ

ಆ ಚಳಿಗಾಲದಲ್ಲಿ, 22ನೇ ವಯಸ್ಸಿನಲ್ಲಿ, ತನ್ನ ಅಜ್ಞಾನ ಚರ್ಚಿಲ್‌ನನ್ನು ಕಾಡತೊಡಗಿತು. ಸ್ನೇಹಿತನೊಬ್ಬ ನೀತಿಶಾಸ್ತ್ರದ ಬಗೆಗೆ ಆಡಿದ್ದ ಮಾತು ನೆನಪಿತ್ತು. ಆದರೆ ಆ ಶಾಸ್ತ್ರವೆಂದರೆ ಏನೆಂಬುದೇ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ಅದನ್ನು ವಿವರಿಸಿ ಹೇಳುವವರು ಯಾರೂ ಪರಿಚಯವಿರಲಿಲ್ಲ. ಪದಗಳನ್ನು ಧಾರಾಳವಾಗಿ ಬಳಸುತ್ತಿದ್ದ ತನಗೆ ಅವುಗಳ ಅರ್ಥ ಗೊತ್ತಿಲ್ಲವೆಂಬ ಅರಿವು ಆತನಿಗಾಯಿತು. ಓದಬೇಕೆಂದು ನಿರ್ಧರಿಸಿ ತಾಯಿಗೆ ಪತ್ರ ಬರೆದ. ಜೆನ್ನಿ ತಿಂಗಳು ತಿಂಗಳೂ ಪುಸ್ತಕದ ಕಟ್ಟುಗಳನ್ನು ಹಡಗಿನಲ್ಲಿ ಕಳುಹಿಸಿದಳು.

ಮೊದಲು ಕೈಗೆತ್ತಿಕೊಂಡದ್ದು ಗಿಬ್ಬನ್ ಬರೆದ ರೋಮನ್ ಸಾಮ್ರಾಜ್ಯದ ಪತನದ ಇತಿಹಾಸ, ಎಂಟು ಸಂಪುಟ. ಬಳಿಕ ಮೆಕಾಲೆಯ ಇತಿಹಾಸ ಮತ್ತು ಪ್ರಬಂಧಗಳು, ಹನ್ನೆರಡು ಸಂಪುಟ. ಮುಂದೆ ಪ್ಲೇಟೋ, ಅರಿಸ್ಟಾಟಲ್, ಮಾಲ್ಥಸ್, ಡಾರ್ವಿನ್, ಶೋಪೆನ್‌ಹೌರ್. ದಿನಕ್ಕೆ ನಾಲ್ಕೈದು ಗಂಟೆ ಓದು ನಡೆಯುತ್ತಿತ್ತು. ಮೆಕಾಲೆ 50 ಪುಟ, ಗಿಬ್ಬನ್ 25 ಪುಟ ಎಂದು ದಿನದ ಪಾಲು ನಿಗದಿಯಾಗಿತ್ತು. ಒಂದೇ ಗ್ರಂಥ ಬೇಸರ ತರಿಸಬಾರದೆಂದು ಮೂರು ನಾಲ್ಕು ಪುಸ್ತಕಗಳನ್ನು ಒಟ್ಟೊಟ್ಟಿಗೆ ಓದುವ ಕ್ರಮವನ್ನು ಆತ ರೂಢಿಸಿಕೊಂಡ. ಪುಟದಂಚಿನಲ್ಲಿ ತನ್ನ ಒಪ್ಪಿಗೆ, ತಕರಾರುಗಳನ್ನು ಗೀಚಿಡುತ್ತಿದ್ದ.

ಎಲ್ಲಕ್ಕಿಂತ ವಿಶಿಷ್ಟವಾದದ್ದು ಆನ್ಯುಯಲ್ ರಿಜಿಸ್ಟರ್ ಎಂಬ ವಾರ್ಷಿಕ ಸಂಪುಟಗಳನ್ನು ಆತ ಓದಿದ ಬಗೆ. ಅವುಗಳಲ್ಲಿ ಬ್ರಿಟಿಷ್ ಸಂಸತ್ತಿನ ಚರ್ಚೆಗಳ ಸಾರಾಂಶವಿರುತ್ತಿತ್ತು. ಒಂದು ಚರ್ಚೆಯನ್ನು ಓದುವ ಮೊದಲೇ ಆ ವಿಷಯದಲ್ಲಿ ತನ್ನ ಅಭಿಪ್ರಾಯವೇನೆಂದು ಕಾಗದದ ಮೇಲೆ ಬರೆದಿಡುತ್ತಿದ್ದ. ಅನಂತರ ಚರ್ಚೆಯನ್ನು ಓದಿ, ತನ್ನ ನಿಲುವನ್ನು ಒರೆಗೆ ಹಚ್ಚಿ ತಿದ್ದಿಕೊಳ್ಳುತ್ತಿದ್ದ. ಗುರುವಿಲ್ಲದ ವಿದ್ಯಾರ್ಥಿ ತನಗೆ ತಾನೇ ಪರೀಕ್ಷೆ ಒಡ್ಡಿಕೊಂಡ ಪರಿ ಇದು.

ಇದರಿಂದಾಗಿ ಆತನೇನೂ ಸನ್ಯಾಸಿಯಾಗಲಿಲ್ಲ. ಸಂಜೆಯ ಪೋಲೋ ತಪ್ಪುತ್ತಿರಲಿಲ್ಲ. ಬಂದಿಳಿದ ಕೆಲವೇ ವಾರಗಳಲ್ಲಿ ಹೈದರಾಬಾದಿನ ಗೋಲ್ಕೊಂಡ ಕಪ್ ಗೆದ್ದ ತಂಡದಲ್ಲಿ ಆತನೂ ಇದ್ದ. ಖರ್ಚಿಗೂ ಲಗಾಮಿರಲಿಲ್ಲ. ದಂಡಿನ ಲೇವಾದೇವಿಗಾರರ ಪರಿಚಯ ಆತನಿಗೆ ಚೆನ್ನಾಗಿಯೇ ಇತ್ತು. ಹೊತ್ತಿನ ವಿಷಯದಲ್ಲಿ ತೋರಿದ ಶಿಸ್ತನ್ನು ಹಣದ ವಿಷಯದಲ್ಲಿ ಆತ ಎಂದೂ ತೋರಲಿಲ್ಲ.

ಓದಿನಿಂದ ಬರಹಕ್ಕೆ

1897ರಲ್ಲಿ ವಾಯವ್ಯ ಗಡಿಯ ಮಲಕಂಡ್ ಕಾಳಗಕ್ಕೆ ಪತ್ರಿಕಾ ವರದಿಗಾರನಾಗಿ ತೆರಳಿದ ಚರ್ಚಿಲ್, ಬೆಂಗಳೂರಿಗೆ ಮರಳಿದ ಮೇಲೆ ಅದೇ ಮಧ್ಯಾಹ್ನದ ಗಂಟೆಗಳನ್ನು ಬರವಣಿಗೆಗೆ ಮೀಸಲಿಟ್ಟ. ಸುಮಾರು ಎರಡು ತಿಂಗಳಲ್ಲಿ ಮಲಕಂಡ್ ಯುದ್ಧದ ವೃತ್ತಾಂತ ಸಿದ್ಧವಾಯಿತು. 1898ರ ಮಾರ್ಚ್‌ನಲ್ಲಿ ಪ್ರಕಟವಾದ ಈ ಮೊದಲ ಪುಸ್ತಕ ಆತನಿಗೆ ಹೆಸರು, ಹಣ ಎರಡನ್ನೂ ತಂದಿತು. ಲಂಡನ್ನಿನಲ್ಲಿ ಕರಡು ತಿದ್ದುವ ಹೊಣೆ ಹೊತ್ತಿದ್ದ ಬಂಧುವಿನ ಅಲಕ್ಷ್ಯದಿಂದ ಅಚ್ಚಿನ ತಪ್ಪುಗಳು ನುಸುಳಿ, ಲೇಖಕ ನಾಚಿಕೆಯಿಂದ ಕುಗ್ಗಬೇಕಾಯಿತು. ಆತನ ಏಕೈಕ ಕಾದಂಬರಿ ಸವ್ರೋಲಾ ಕೂಡ ಬಹುಪಾಲು ಬೆಂಗಳೂರಿನಲ್ಲೇ ರಚಿತವಾದುದು.

ಕಾಣದೇ ಉಳಿದದ್ದು

ಈ ಸಾಧನೆಯ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ರೋಮ್ ಮತ್ತು ಲಂಡನ್ನಿನ ಬಗೆಗೆ ಗಂಟೆಗಟ್ಟಲೆ ಓದಿದ ಯುವಕ, ತನ್ನ ಬಂಗಲೆಯ ಬೇಲಿಯಾಚೆಗೆ ಕಣ್ಣು ಹಾಯಿಸಲಿಲ್ಲ. ತಮಿಳು, ಉರ್ದು, ತೆಲುಗು, ಕನ್ನಡ ಬೆರೆತ ಊರಿನಲ್ಲಿದ್ದು ಒಂದು ಭಾಷೆಯನ್ನೂ ಕಲಿಯಲಿಲ್ಲ. ಸೇನೆಯಲ್ಲಿ ಪ್ರಚಲಿತವಾಗಿದ್ದ ಹಿಂದೂಸ್ತಾನಿಯನ್ನು ಕಲಿಯುವುದೂ ಅನಗತ್ಯವೆಂದೇ ಆತ ಭಾವಿಸಿದ್ದ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟು ಸಾವಿರಾರು ಜೀವಗಳನ್ನು ಬಲಿ ಪಡೆಯಿತು. ಆ ತಿಂಗಳುಗಳಲ್ಲಿ ಚರ್ಚಿಲ್ ಇಲ್ಲಿರಲಿಲ್ಲ. ಜೂನ್‌ನಲ್ಲೇ ರಜೆಯ ಮೇಲೆ ಹೊರಟು ಸುಡಾನಿನ ಯುದ್ಧಕ್ಕೆ ಸೇರಿದ್ದ. ಡಿಸೆಂಬರ್‌ನಲ್ಲಿ ಹಿಂದಿರುಗಿದಾಗ ಆತನ ಲಕ್ಷ್ಯವೆಲ್ಲ ಮೀರತ್‌ನ ಪೋಲೋ ಪಂದ್ಯಾವಳಿಯ ಮೇಲಿತ್ತು.

ಇದೇ ದಂಡಿನಲ್ಲಿದ್ದ ಇನ್ನೊಬ್ಬ ಬ್ರಿಟಿಷ್ ಅಧಿಕಾರಿಯನ್ನು ಇಲ್ಲಿ ನೆನೆಯುವುದು ಸೂಕ್ತ. ಸೇನಾ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಏಕೆ ಹೆಚ್ಚೆಂದು ಹುಡುಕುತ್ತ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯನ್ನು ಬಗ್ಗಿ ನೋಡಿದ. ಅದರ ತುಂಬ ಮರಿಹುಳುಗಳು. ತೊಟ್ಟಿಯನ್ನು ಮಗುಚಿದೊಡನೆ ಸೊಳ್ಳೆಗಳು ಕಡಿಮೆಯಾದವು. 1895ರಲ್ಲಿ ಕಾಲರಾ ಹತೋಟಿಗೆಂದು ಮತ್ತೆ ಇಲ್ಲಿಗೆ ನಿಯೋಜಿತನಾಗಿ ಊರಿನ ನೈರ್ಮಲ್ಯದ ಕೆಲಸಕ್ಕಿಳಿದ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಒಡಲಲ್ಲಿ ಮಲೇರಿಯಾ ಪರೋಪಜೀವಿಯನ್ನು ಪತ್ತೆಹಚ್ಚಿದ ರಾಸ್‌ಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಒಬ್ಬ ಮನೆಯಂಗಳದ ತೊಟ್ಟಿಯನ್ನು ಗಮನಿಸಿದ, ಇನ್ನೊಬ್ಬ ಗಿಬ್ಬನ್ನನ ಪುಟಗಳನ್ನು.

ಚರ್ಚಿಲ್ 1899ರ ಮಾರ್ಚ್‌ನಲ್ಲಿ ಭಾರತ ಬಿಟ್ಟವನು ಮತ್ತೆಂದೂ ಇಲ್ಲಿ ನೆಲೆಸಲಿಲ್ಲ. 1900ರಲ್ಲಿ ಸಂಸತ್ ಸದಸ್ಯನಾದ. 1940ರ ಮೇ ತಿಂಗಳಲ್ಲಿ ಪ್ರಧಾನಿಯಾಗಿ ಹಿಟ್ಲರನ ಎದುರು ಬ್ರಿಟನ್ನನ್ನು ನಿಲ್ಲಿಸಿದ. ಆಗ ಆತನ ಅಸ್ತ್ರವಾದ ಭಾಷೆಯಲ್ಲಿ ಗಿಬ್ಬನ್, ಮೆಕಾಲೆಯರ ಲಯವಿತ್ತು. 1953ರಲ್ಲಿ ಸಾಹಿತ್ಯದ ನೊಬೆಲ್ ಲಭಿಸಿತು. ಆದರೆ ಭಾರತದ ಬಗೆಗಿನ ಆತನ ತಿಳಿವಳಿಕೆ ಮಾತ್ರ ದಂಡಿನ ಅಧಿಕಾರಿಯ ಮಟ್ಟದಿಂದ ಮೇಲೇರಲಿಲ್ಲ. 1930ರ ದಶಕದಲ್ಲಿ ಭಾರತೀಯರಿಗೆ ಸ್ವಯಮಾಡಳಿತ ನೀಡುವುದನ್ನು ವಿರೋಧಿಸಿದ. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತಾಗ, ಸಾಕಷ್ಟು ಧಾನ್ಯದ ಹಡಗುಗಳನ್ನು ಕಳುಹಿಸದ ಆತನ ಸರ್ಕಾರದ ನಡೆಯನ್ನು ಅನೇಕ ಇತಿಹಾಸಕಾರರು ಕಟುವಾಗಿ ಖಂಡಿಸಿದ್ದಾರೆ.

1965ರ ಜನವರಿ 24ರಂದು, 90ನೇ ವಯಸ್ಸಿನಲ್ಲಿ ಚರ್ಚಿಲ್ ನಿಧನನಾದ. ಅಷ್ಟರಲ್ಲಿ ದಂಡು ಬೆಂಗಳೂರು ನಗರದಲ್ಲಿ ಲೀನವಾಗಿ ಹದಿನೈದು ವರ್ಷಗಳ ಮೇಲಾಗಿತ್ತು. ದಿನದ ಬಿಡುವನ್ನು ಮೊಬೈಲ್ ಪರದೆಯೋ ವಾಹನದಟ್ಟಣೆಯೋ ನುಂಗುವ ಇಂದಿನ ನಗರವಾಸಿಗೆ ಆತನ ಬೆಂಗಳೂರು ದಿನಚರಿಯಲ್ಲಿ ಕಲಿಯಲು ಸಾಕಷ್ಟಿದೆ. ಹೊತ್ತು ಗೊತ್ತುಮಾಡಿಕೊಳ್ಳುವುದು, ದಿನದ ಪಾಲನ್ನು ನಿಗದಿಪಡಿಸುವುದು, ಇತರರ ಮಾತು ಕೇಳುವ ಮೊದಲು ತನ್ನ ನಿಲುವನ್ನು ಬರೆದು, ಕೇಳಿದ ಮೇಲೆ ತಿದ್ದಿಕೊಳ್ಳುವುದು ಇವು ಯಾರಿಗಾದರೂ ಸಾಧ್ಯ. ಆ ಹೊತ್ತಿನಲ್ಲಿ ಸ್ವಲ್ಪವನ್ನಾದರೂ ತನ್ನ ಬೀದಿಗೆ, ನೆರೆಯವರ ಭಾಷೆಗೆ, ಮನೆಗೆಲಸದವರ ಸುಖದುಃಖಕ್ಕೆ ಮೀಸಲಿಡಬೇಕೆಂಬುದು ಆ ಬಂಗಲೆಯಲ್ಲಿ ಕಲಿಯದೇ ಉಳಿದ ಪಾಠ. ಅದರ ಬೆಲೆಯನ್ನು ತೆತ್ತವರು ಬೇರೆಯವರು.