ಪ್ರೇಮಚಂದ್: ಹೆಸರು ಬದಲಾದರೂ ಬದಲಾಗದ ದನಿ

ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು ಈದ್ಗಾಹ್ ಕಥೆ ಹೇಳಿದ ದಿನ, ಮನೆಗೆ ಹೋಗಿ ದಾದಿಗೆ ಅದನ್ನು ಹೇಳಲು ಶುರು ಮಾಡಿದೆ. ಅರ್ಧದಲ್ಲೇ ದಾದಿ ನನ್ನನ್ನು ತಡೆದು ಉಳಿದ ಕಥೆಯನ್ನು ತಾವೇ ಮುಗಿಸಿದರು. ಚಿಕ್ಕಂದಿನಲ್ಲಿ ಅವರ ತಂದೆ ಅದನ್ನು ಉರ್ದುವಿನಲ್ಲಿ ಓದಿ ಹೇಳಿದ್ದರಂತೆ. ಈದ್ ದಿನದ ಬೆಳಗನ್ನು ಹೀಗೆ ಬರೆದವರು ಮುಸಲ್ಮಾನರೇ ಇರಬೇಕು ಎಂದು ದಾದಿ ಅಷ್ಟು ವರ್ಷ ನಂಬಿದ್ದರು. ಬರೆದವರು ಮುನ್ಶಿ ಪ್ರೇಮಚಂದ್, ಹಿಂದೂ ಮನೆತನದವರು ಎಂದಾಗ ಅವರಿಗೆ ಆಶ್ಚರ್ಯವಾಯಿತು.

ಪ್ರತಿ ಕಥೆಗಾರನಿಗೂ ತನ್ನದೇ ಆದ ದನಿ ಇರುತ್ತದೆ ಎಂದು ಹೇಳುತ್ತಾರೆ. ಆ ದನಿ ಇರುವುದು ಎಲ್ಲಿ? ಹೆಸರಿನಲ್ಲಿಯೋ, ಭಾಷೆಯಲ್ಲಿಯೋ? ಮನೆಯಲ್ಲಿ ಉರ್ದು ಮಾತಾಡಿ ಇಲ್ಲಿ ಕನ್ನಡದಲ್ಲಿ ಬರೆಯುವ ನನ್ನಂಥವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಪ್ರೇಮಚಂದರ ಜೀವನದಲ್ಲಿ ಇದಕ್ಕೆ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ.

ಅವರು ಹುಟ್ಟಿದ್ದು 1880ರ ಜುಲೈ 31ರಂದು, ಕಾಶಿಯ ಹತ್ತಿರದ ಲಮ್ಹಿ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಇಟ್ಟ ಹೆಸರು ಧನಪತ್ ರಾಯ್. ತಂದೆ ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಹುಡುಗ ಮೊದಲು ಕಲಿತದ್ದು ಮೌಲ್ವಿಯೊಬ್ಬರ ಬಳಿ, ಉರ್ದು ಮತ್ತು ಫಾರ್ಸಿ. ಎಂಟು ವರ್ಷದ ಹೊತ್ತಿಗೆ ತಾಯಿ ತೀರಿಕೊಂಡರು. ನೋಡಿಕೊಳ್ಳುತ್ತಿದ್ದ ಅಜ್ಜಿಯೂ ಸ್ವಲ್ಪ ಕಾಲದಲ್ಲೇ ಹೋದರು. 1897ರಲ್ಲಿ ತಂದೆಯೂ ತೀರಿಕೊಂಡಾಗ ಸಂಸಾರದ ಭಾರವೆಲ್ಲ ಅವರ ಮೇಲೆ ಬಿತ್ತು.

ಗಣಿತ ಅವರಿಗೆ ಒಲಿಯಲಿಲ್ಲ. ಅದರಿಂದಾಗಿ ಕಾಲೇಜಿನ ಬಾಗಿಲು ಮುಚ್ಚಿತು. ಕೈಯಲ್ಲಿ ಕಾಸಿಲ್ಲದ ಒಂದು ದಿನ, ಎರಡು ರೂಪಾಯಿ ಕೊಟ್ಟು ಕೊಂಡಿದ್ದ ಗಣಿತದ ಪುಸ್ತಕವನ್ನು ಅಂಗಡಿಯಲ್ಲಿ ಒಂದು ರೂಪಾಯಿಗೆ ಮಾರಿದರು. ನಮ್ಮ ಲೆಕ್ಕದಲ್ಲಿ ಇದು ನೇರ 50 ಪರ್ಸೆಂಟ್ ನಷ್ಟ! ಆದರೆ ಅದೇ ಅಂಗಡಿಯಲ್ಲಿ ಸಿಕ್ಕಿದ ಮುಖ್ಯೋಪಾಧ್ಯಾಯರೊಬ್ಬರು ಅವರಿಗೆ ಮೇಷ್ಟ್ರ ಕೆಲಸ ಕೊಟ್ಟರು. ಸಂಬಳ ತಿಂಗಳಿಗೆ 18 ರೂಪಾಯಿ. ಮುಂದೆ ಕೆಲಸ ಮಾಡುತ್ತಲೇ ಓದಿ 1919ರಲ್ಲಿ ಬಿ.ಎ. ಪಾಸಾದರು.

ಚಿಕ್ಕಪ್ಪ ಪ್ರೀತಿಯಿಂದ ಕರೆಯುತ್ತಿದ್ದ ನವಾಬ್ ಎಂಬ ಹೆಸರಿನಿಂದ ನವಾಬ್ ರಾಯ್ ಆಗಿ ಅವರು ಉರ್ದುವಿನಲ್ಲಿ ಬರೆಯತೊಡಗಿದರು. 1908ರಲ್ಲಿ ಸೋಜ್-ಎ-ವತನ್ ಎಂಬ ಕಥಾಸಂಕಲನ ಬಂತು. ಅದರಲ್ಲಿದ್ದ ದೇಶಪ್ರೇಮ ಬ್ರಿಟಿಷ್ ಸರ್ಕಾರಕ್ಕೆ ರಾಜದ್ರೋಹವಾಗಿ ಕಂಡಿತು. ಆಗ ಅವರು ಶಾಲಾ ಇನ್ಸ್‌ಪೆಕ್ಟರ್ ಕೆಲಸದಲ್ಲಿದ್ದರು. ಕಲೆಕ್ಟರ್ ಅವರನ್ನು ಕರೆಸಿ ಗದರಿಸಿದರು. ಪ್ರತಿಗಳನ್ನು ಒಪ್ಪಿಸಬೇಕಾಯಿತು, ಅವು ಬೆಂಕಿಗೆ ಹೋದವು. ಇನ್ನು ಮುಂದೆ ಅನುಮತಿ ಇಲ್ಲದೆ ಏನನ್ನೂ ಅಚ್ಚು ಹಾಕಿಸುವಂತಿರಲಿಲ್ಲ. ಕಾನ್ಪುರದ ಜಮಾನಾ ಪತ್ರಿಕೆಯ ಸಂಪಾದಕ ದಯಾನಾರಾಯಣ ನಿಗಮ್ ಹೊಸ ಹೆಸರೊಂದನ್ನು ಸೂಚಿಸಿದರು. 1910ರಲ್ಲಿ ನವಾಬ್ ರಾಯ್ ಮರೆಯಾಗಿ ಪ್ರೇಮಚಂದ್ ಹುಟ್ಟಿದರು.

ಹೆಸರಿನ ಹಿಂದೆಯೇ ಲಿಪಿಯೂ ಬದಲಾಯಿತು. ಉರ್ದುವಿನಲ್ಲಿ ಪ್ರಕಾಶಕರು ಸಿಗುವುದು ಕಷ್ಟವಾದಾಗ ಅವರು ಹಿಂದಿಗೆ ಬಂದರು. ಬಾಜಾರ್-ಎ-ಹುಸ್ನ್ ಕಾದಂಬರಿಯನ್ನು ಮೊದಲು ಬರೆದದ್ದು ಉರ್ದುವಿನಲ್ಲಿ, ಆದರೆ ಮೊದಲು ಅಚ್ಚಾದದ್ದು ಹಿಂದಿಯಲ್ಲಿ, ಸೇವಾಸದನ್ ಎಂಬ ಹೆಸರಿನಲ್ಲಿ. ಉರ್ದು ಪುಸ್ತಕ ಬಂದದ್ದು 1924ರಲ್ಲಿ. ಹಾಗೆಂದು ಅವರು ಉರ್ದುವನ್ನು ಬಿಡಲಿಲ್ಲ. ಕೊನೆಗಾಲದ ಕಫನ್ ಕಥೆಯನ್ನು ಮೊದಲು ಉರ್ದುವಿನಲ್ಲೇ ಬರೆದರು.

1921ರಲ್ಲಿ ಗೋರಖ್‌ಪುರದಲ್ಲಿ ಗಾಂಧೀಜಿಯ ಭಾಷಣ ಕೇಳಿ, ಪತ್ನಿ ಶಿವರಾಣಿ ದೇವಿಯವರೊಡನೆ ಯೋಚಿಸಿ, ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಕಾಶಿಯಲ್ಲಿ ತೆರೆದ ಸರಸ್ವತಿ ಪ್ರೆಸ್ ಲಾಭ ತರಲಿಲ್ಲ. ಸಾಲ ತೀರಿಸಲು 1934ರಲ್ಲಿ ಬೊಂಬಾಯಿಗೆ ಹೋಗಿ ಸಿನಿಮಾ ಕಂಪನಿಗೆ ಬರೆದರು. ಒಳ್ಳೆಯ ಸಂಬಳವಿತ್ತು, ಆದರೆ ಅಲ್ಲಿ ಕಥೆ ಬರೆದವನ ಮಾತು ನಡೆಯುತ್ತಿರಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಕಾಶಿಗೆ ಮರಳಿದರು. ಹೆಸರು ಬಿಟ್ಟುಕೊಟ್ಟವರು, ಲಿಪಿ ಬದಲಿಸಿದವರು, ದನಿಯನ್ನು ಮಾತ್ರ ಸಂಬಳಕ್ಕೆ ಮಾರಲಿಲ್ಲ. 1936ರಲ್ಲಿ ಗೋದಾನ್ ಪ್ರಕಟವಾಯಿತು. ಅದೇ ವರ್ಷ ಅಕ್ಟೋಬರ್ 8ರಂದು, 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹಾಗಾದರೆ ಉಳಿದದ್ದು ಏನು? ಕಾಮರ್ಸ್ ವಿದ್ಯಾರ್ಥಿಯಾಗಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಸಂಗತಿ. ಅವರ ಕಥೆಗಳಲ್ಲಿ ಯಾರೋ ಬಡವರು ಸದಾ ಕಾಸು ಎಣಿಸುತ್ತಿರುತ್ತಾರೆ. ಈದ್ಗಾಹ್‌ನ ಹಾಮಿದ್ ಬಳಿ ಮೂರು ಪೈಸೆ. ಅದರಲ್ಲಿ ಅವನು ಆಟಿಕೆ, ಮಿಠಾಯಿ ಕೊಳ್ಳದೆ, ರೊಟ್ಟಿ ಬೇಯಿಸುವಾಗ ಅಜ್ಜಿಯ ಬೆರಳು ಸುಡಬಾರದೆಂದು ಇಕ್ಕಳ ಕೊಳ್ಳುತ್ತಾನೆ. ಪೂಸ್ ಕೀ ರಾತ್ ಕಥೆಯ ಹಲ್ಕು ಕಂಬಳಿಗಾಗಿ ಕೂಡಿಟ್ಟ ಮೂರು ರೂಪಾಯಿ ಸಾಲಗಾರನ ಪಾಲಾಗುತ್ತದೆ. ಕಫನ್‌ನಲ್ಲಿ ಹೆಣದ ಬಟ್ಟೆಗೆಂದು ಕೂಡಿದ್ದು ಐದು ರೂಪಾಯಿ. ಗೋದಾನ್‌ನ ಹೋರಿ ಸಾಯುವಾಗ ಮನೆಯಲ್ಲಿ ಇದ್ದದ್ದು ಇಪ್ಪತ್ತಾಣೆ. ಗಣಿತದಲ್ಲಿ ಫೇಲಾದ ಮನುಷ್ಯ ಬಡವರ ಮನೆಯ ಲೆಕ್ಕವನ್ನು ಒಮ್ಮೆಯೂ ತಪ್ಪಿಲ್ಲ. ಅದು ಅವರು ಸ್ವತಃ ಬದುಕಿದ ಲೆಕ್ಕ. ಆ ದನಿಯನ್ನು ನನ್ನ ದಾದಿ ಉರ್ದುವಿನಲ್ಲಿ ಕೇಳಿದರು, ನಾನು ಹಿಂದಿಯಲ್ಲಿ ಕೇಳಿದೆ. ಇಬ್ಬರಿಗೂ ಕೇಳಿಸಿದ್ದು ಒಂದೇ.

ಸ್ನೇಹಿತರೇ, ನಮ್ಮ ತರಗತಿಯಲ್ಲಿ ಕನ್ನಡದಲ್ಲಿ ಬರೆಯಲು ಹಿಂಜರಿಯುವವರು ಹಲವರಿದ್ದೀರಿ. ನಾನೂ ಹಾಗೇ ಇದ್ದೆ. ಈ ಭಾಷೆಯಲ್ಲಿ ಬರೆದರೆ ಅದು ನನ್ನ ಮಾತಾಗುವುದಿಲ್ಲ ಎಂಬ ಅಳುಕು ಇತ್ತು. ನಾವು ಕಂಡದ್ದನ್ನು ನಿಜವಾಗಿ ಕಂಡಿದ್ದರೆ ಯಾವ ಲಿಪಿಯಲ್ಲಿ ಬರೆದರೂ ಅದು ನಮ್ಮದೇ ಎಂದು ಈಗ ಧೈರ್ಯ ಬಂದಿದೆ. ಈ ಲೇಖನ ಅಚ್ಚಾದ ಮೇಲೆ ದಾದಿಗೆ ಉರ್ದುವಿನಲ್ಲಿ ಹೇಳಿ ತೋರಿಸಬೇಕು.