ಊಟಿ ಕಟ್ಟಿದ ಕಲೆಕ್ಟರ್ ಸಲ್ಲಿವನ್

ಬೇಸಿಗೆ ಬಂತೆಂದರೆ ಬೆಂಗಳೂರು, ಮೈಸೂರಿನ ಪ್ರವಾಸಿಗರ ದಂಡು ಊಟಿಯತ್ತ ಹೊರಡುತ್ತದೆ. ಆ ಊರಿಗೆ ಅಡಿಪಾಯ ಹಾಕಿದ ಜಾನ್ ಸಲ್ಲಿವನ್ ಅವರನ್ನು ನೆನೆಯುವವರು ವಿರಳ.

1788ರಲ್ಲಿ ಲಂಡನ್ನಿನಲ್ಲಿ ಜನಿಸಿದ ಸಲ್ಲಿವನ್, ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಕೊಯಮತ್ತೂರಿನ ಕಲೆಕ್ಟರ್ ಆದರು. 1819ರಲ್ಲಿ ನೀಲಗಿರಿ ಏರಿ ಅಲ್ಲಿನ ತಂಪಿಗೆ ಮನಸೋತರು. ಮೊದಲು ಕೋಟಗಿರಿ ಬಳಿ ಮನೆ ಮಾಡಿದರು, ಬೆಟ್ಟಕ್ಕೆ ರಸ್ತೆ ಹಾಕಿಸಿದರು. 1822ರಲ್ಲಿ ಊಟಿಯಲ್ಲಿ 'ಸ್ಟೋನ್ ಹೌಸ್' ಕೆಲಸ ಆರಂಭವಾಯಿತು. ಇಂದು ದೋಣಿವಿಹಾರಕ್ಕೆ ಹೆಸರಾದ ಕೆರೆಯನ್ನು ನಿರ್ಮಿಸಿದವರೂ ಅವರೇ.

ಇಷ್ಟೆಲ್ಲ ನಡೆದದ್ದು ತೋಡರ ಹುಲ್ಲುಗಾವಲಿನ ಮೇಲೆ. ಎಕರೆಗೆ ಒಂದು ರೂಪಾಯಿಯಂತೆ ಸಲ್ಲಿವನ್ ಅವರಿಂದ ನೆಲ ಕೊಂಡರೆಂಬುದು ಪ್ರಸಿದ್ಧ. ಅದನ್ನು ನ್ಯಾಯವಾದ ಬೆಲೆ ಎನ್ನಲಾಗದು. ಆದರೆ ನೆಲದ ಒಡೆಯರು ತೋಡರೇ, ಪರಿಹಾರ ಕೊಡದೆ ಅದನ್ನು ಪಡೆಯಕೂಡದು ಎಂದು ಮದ್ರಾಸ್ ಸರ್ಕಾರದೊಡನೆ ಹಟ ಹಿಡಿದು ವಾದಿಸಿದವರೂ ಇದೇ ಸಲ್ಲಿವನ್. ಗವರ್ನರ್ ಲಷಿಂಗ್ಟನ್ ಅವರಿಗೆ ಈ ವಾದ ಹಿಡಿಸಲಿಲ್ಲ. 1828ರಲ್ಲಿ ಊಟಿಯ ಆಡಳಿತ ಸೇನಾಧಿಕಾರಿಯ ಕೈಸೇರಿತು. 1830ರಲ್ಲಿ ಸಲ್ಲಿವನ್ ಕಲೆಕ್ಟರ್ ಹುದ್ದೆ ತೊರೆದರು.

ಮುಂದೆ ಅವರು ಮದ್ರಾಸಿನಲ್ಲಿ ಉನ್ನತ ಹುದ್ದೆಗೇರಿದರೂ ಬಾಳು ಸುಖಮಯವಾಗಲಿಲ್ಲ. 1838ರಲ್ಲಿ ಪತ್ನಿ ಹೆನ್ರಿಯೆಟಾ ಹಾಗೂ ಮಗಳು ಹ್ಯಾರಿಯೆಟ್ ತೀರಿಕೊಂಡರು. ಅವರ ಸಮಾಧಿಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಆವರಣದಲ್ಲಿವೆ. ಅಂದಹಾಗೆ, ಈ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪು ಅರಮನೆಯಿಂದ ಹೋದವು.

1841ರಲ್ಲಿ ಸಲ್ಲಿವನ್ ಭಾರತ ಬಿಟ್ಟರು. ದೇಶೀಯ ಸಂಸ್ಥಾನಗಳನ್ನು ಕಂಪನಿ ನುಂಗುವುದನ್ನು ಇಂಗ್ಲೆಂಡಿನಲ್ಲಿ ನಿಂತು ವಿರೋಧಿಸಿದ ಅವರು ಅಲ್ಲಿಯೇ 1855ರಲ್ಲಿ ನಿಧನರಾದರು. ಅವರ ಸ್ಟೋನ್ ಹೌಸ್ ಊಟಿಯ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ.